ರಟ್ಟೀಹಳ್ಳಿಯ ಬಯಲು, ಆನವಟ್ಟಿಯ ಕಾಡು

ಹಂಸಭಾವಿಯಿಂದ ಪೂರ್ವಕ್ಕೆ ಹೊರಟರೆ ನೆಲ ಹರವಾಗುತ್ತ ಹೋಗುತ್ತದೆ. ಪಶ್ಚಿಮಕ್ಕೆ ಹೊರಳಿದರೆ ಗಿಡಮರ ದಟ್ಟೈಸಿ ಮಲೆನಾಡಿನ ಸೆರಗು ಕೈಗೆ ಸಿಗುತ್ತದೆ. ಅತ್ತ ರಟ್ಟೀಹಳ್ಳಿ, ಇತ್ತ ಆನವಟ್ಟಿ. ನಡುವಿನ ಈ ಸೀಮೆಗೆ ಅರೆಮಲೆನಾಡು ಎಂಬ ಹೆಸರೇ ಇದೆ. 1764ರ ಬೇಸಿಗೆಯಲ್ಲಿ ಎರಡು ರಾಜ್ಯಗಳು ಇಲ್ಲಿ ಕಾದಾಡಿದಾಗ, ಯಾರ ಸೈನ್ಯ ದೊಡ್ಡದು ಎಂಬುದಕ್ಕಿಂತ ಯಾರು ಯಾವ ನೆಲದಲ್ಲಿ ನಿಂತಿದ್ದಾರೆ ಎಂಬುದೇ ಮುಖ್ಯವಾಯಿತು.

ಹಿಂದಿನ ವರ್ಷ, 1763ರಲ್ಲಿ, ಮೈಸೂರಿನ ಹೈದರ್ ಅಲಿ ಬಿದನೂರನ್ನು ಗೆದ್ದಿದ್ದ. ಅಲ್ಲಿನ ಸಂಪತ್ತಿನ ಬಲದಿಂದ ಉತ್ತರಕ್ಕೆ ಕೈಚಾಚಿ ಸವಣೂರಿನ ನವಾಬನನ್ನೂ ಮಣಿಸಿದ. ಕೃಷ್ಣೆಯಿಂದ ದಕ್ಷಿಣದ ಸೀಮೆ ತಮ್ಮದೆಂದು ಬಗೆದಿದ್ದ ಮರಾಠರು ಸುಮ್ಮನಿರಲಿಲ್ಲ. ಹತ್ತೊಂಬತ್ತು ವರ್ಷದ ಪೇಶ್ವೆ ಮಾಧವರಾಯ ತಾನೇ ದಂಡು ಕಟ್ಟಿಕೊಂಡು ಬಂದ.

ಇಬ್ಬರ ಯುದ್ಧದ ರೀತಿ ಬೇರೆ ಬೇರೆ. ಮರಾಠರದು ಕುದುರೆಯ ಮೇಲಿನ ಯುದ್ಧ. ಹಗುರವಾಗಿ ಬರುವುದು, ವೈರಿಯ ದವಸ, ಮೇವು, ನೀರಿನ ದಾರಿ ಕಟ್ಟುವುದು, ಅವನು ಸೋತು ಸುಣ್ಣವಾದ ಮೇಲೆ ಮೈಮೇಲೆ ಬೀಳುವುದು. ‘ಗನಿಮಿ ಕಾವಾ’ ಎಂದು ಅವರು ಕರೆಯುತ್ತಿದ್ದದ್ದು ಇದನ್ನೇ. 1761ರ ಜನವರಿ 14ರಂದು ಪಾಣಿಪತ್ತದಲ್ಲಿ ಅವರು ಈ ಪಾಠ ಬಿಟ್ಟಿದ್ದರು. ಭಾರಿ ತೋಪುಗಳನ್ನೂ ಸಾವಿರಾರು ಯಾತ್ರಿಕರನ್ನೂ ಕಟ್ಟಿಕೊಂಡು ಒಂದೇ ಕಡೆ ಬಿಡಾರ ಹೂಡಿ, ಕಾಳಿಲ್ಲದೆ ಕಂಗೆಟ್ಟು ನಾಶವಾದರು. ಹೈದರನ ಬಲ ಕವಾಯತು ಕಲಿತ ಬಂದೂಕಿನ ಕಾಲಾಳು ಮತ್ತು ತೋಪು. ಅಂಥ ಪಡೆಗೆ ಬೆನ್ನ ಹಿಂದೆ ಕಾಡು, ಕೋಟೆ ಇದ್ದರೆ ಧೈರ್ಯ.

ಹೈದರ್ ರಟ್ಟೀಹಳ್ಳಿಯ ಹತ್ತಿರ ಗಟ್ಟಿ ಜಾಗ ಹಿಡಿದು, ಮರಾಠರು ತಾವಾಗಿ ಬಂದು ತನ್ನ ತೋಪುಗಳಿಗೆ ಎದೆಕೊಡಲಿ ಎಂದು ಕಾದ. ಅವರು ಬರಲಿಲ್ಲ. ದೂರದಲ್ಲೇ ಹರಡಿಕೊಂಡು ಅವನ ಮೇವಿನ ದಾರಿ ಕಟ್ಟಿದರು. ತಾಳ್ಮೆ ಕೆಟ್ಟವನು ಹೈದರನೇ. ಮೇ 3ರಂದು ಆಯ್ದ ಪಡೆಯೊಂದಿಗೆ ಹೊರಬಿದ್ದು, ಓಡಿದಂತೆ ತೋರಿಸಿ ಪೇಶ್ವೆಯನ್ನು ಬಲೆಗೆ ಸೆಳೆಯಲು ನೋಡಿದ. ಇದು ಮರಾಠರದೇ ಆಟ. ಅವರ ಮೇಲೆಯೇ ಆಡಲು ಹೋದದ್ದು ತಪ್ಪಾಯಿತು. ಬಯಲಿನಲ್ಲಿ ಕುದುರೆಗಳು ಸುತ್ತುಗಟ್ಟಿದವು. ಬಹಳ ಜನರನ್ನು ಕಳೆದುಕೊಂಡು ಹಿಂದೆಗೆದ ಹೈದರ್, ಕೊನೆಗೆ ಆನವಟ್ಟಿಯ ಕಾಡು ಸೇರಿ ಕಂದಕ ತೋಡಿ ಕೂತ.

ಈಗ ಸರದಿ ಮಳೆಯದು. ದಸರೆಗೆ ಸೀಮೋಲ್ಲಂಘನ ಮಾಡಿ ಹೊರಡುವುದು, ಮಳೆಗಾಲದ ಹೊತ್ತಿಗೆ ಮನೆ ಸೇರುವುದು ಮರಾಠರ ರೂಢಿ. ಎರೆಮಣ್ಣು ನೆನೆದರೆ ಎತ್ತಿನ ಕಾಲೇ ಹೂಳುತ್ತದೆ, ತೋಪಿನ ಗಾಡಿಯ ಮಾತೇನು! ಆದರೆ ಮಾಧವರಾಯ ಮನೆಗೆ ಹೋಗಲಿಲ್ಲ. ದಕ್ಷಿಣದಲ್ಲೇ ಮಳೆಗಾಲ ಕಳೆದು ಧಾರವಾಡದ ಕೋಟೆ ಹಿಡಿದ. ಇವನ ನಿಜವಾದ ಗೆಲುವು ಮೇ 3ರ ಕಾಳಗಕ್ಕಿಂತ ಈ ತಾಳ್ಮೆಯಲ್ಲಿದೆ. 1765ರಲ್ಲಿ ಹೈದರ್ 32 ಲಕ್ಷ ರೂಪಾಯಿ ಕೊಡಲು ಒಪ್ಪಿ, ಸವಣೂರಿನ ಮೇಲಿನ ಹಕ್ಕು ಬಿಟ್ಟು ಸಂಧಿ ಮಾಡಿಕೊಂಡ. ಆದರೂ ಬಿದನೂರು ಅವನ ಕೈ ತಪ್ಪಲಿಲ್ಲ. ಬಯಲಲ್ಲಿ ಸೋತವನನ್ನು ಕಾಡು ಕಾಯಿತು.

ಹೈದರ್ ಕಲಿಯದೆ ಬಿಡುವವನಲ್ಲ. ಇಂಗ್ಲಿಷರ ಜೊತೆಗಿನ ಮೊದಲ ಯುದ್ಧದ ಕೊನೆಗೆ, 1769ರಲ್ಲಿ, ದೊಡ್ಡ ಸೈನ್ಯವನ್ನು ಹಿಂದೆ ಬಿಟ್ಟು ಕೆಲವೇ ಸಾವಿರ ಕುದುರೆಗಳೊಂದಿಗೆ ಮದ್ರಾಸಿನ ಬಾಗಿಲಿಗೆ ಹೋಗಿ ನಿಂತು ಅವರನ್ನು ಸಂಧಿಗೆ ಒಪ್ಪಿಸಿದ. ರಟ್ಟೀಹಳ್ಳಿಯಲ್ಲಿ ಪೆಟ್ಟು ತಿಂದು ಕಲಿತ ವಿದ್ಯೆಯೇ ಅದು.

ಹೀಗೆ ನೆಲ ಸೈನ್ಯವನ್ನು ರೂಪಿಸುವುದು ಎಲ್ಲ ಕಡೆಯ ಕಥೆ. ನಾಲ್ಕೂ ಕಡೆ ವೈರಿಗಳಿದ್ದ ಪ್ರಷ್ಯಾ, ಎದುರಾಳಿಗಳು ಒಂದಾಗುವ ಮೊದಲೇ ಒಬ್ಬೊಬ್ಬರನ್ನು ಹೊಡೆಯುವ ವೇಗ ರೂಢಿಸಿಕೊಂಡಿತು. ಮುಗಿಯದಷ್ಟು ನೆಲವಿದ್ದ ರಷ್ಯಾ 1812ರಲ್ಲಿ ಮಾಸ್ಕೋವನ್ನೇ ನೆಪೋಲಿಯನ್ನನಿಗೆ ಬಿಟ್ಟುಕೊಟ್ಟು ಚಳಿಗೆ ಕಾದಿತು. ಕೌಟಿಲ್ಯನೂ ದಂಡೆತ್ತುವ ಮೊದಲು ದೇಶ, ಕಾಲ ಎರಡನ್ನೂ ತೂಗಬೇಕೆಂದಿದ್ದಾನೆ, ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ ಆ ವಿಚಾರ ವಿಸ್ತಾರವಾಗಿದೆ.

ಮತ್ತೆ ನಮ್ಮ ಸೀಮೆಗೆ ಬಂದರೆ, ಹೈದರನ ಮಗ ಟಿಪ್ಪು ಮಳೆಯನ್ನೇ ಆಯುಧ ಮಾಡಿಕೊಂಡ. 1786ರ ಆಗಸ್ಟಿನಲ್ಲಿ ತುಂಬಿ ಹರಿಯುವ ತುಂಗಭದ್ರೆಯೇ ತಮಗೆ ಕಾವಲು ಎಂದು ಹರಿಪಂತ ಫಡ್ಕೆಯ ಮರಾಠಾ ದಂಡು ನಂಬಿತ್ತು. ಟಿಪ್ಪು ಹರಿಗೋಲು, ತೆಪ್ಪಗಳಲ್ಲಿ ಸೈನ್ಯ ದಾಟಿಸಿ ಈಚೆ ದಡಕ್ಕೆ ಬಂದ. ಸವಣೂರಿನ ಹತ್ತಿರ ಇರುಳು ದಾಳಿ ನಡೆಯಿತು. ನವಾಬ ಅಬ್ದುಲ್ ಹಕೀಮ್ ಖಾನ್ ಊರು ಬಿಟ್ಟು ಮರಾಠರೊಡನೆ ಹೋದ. ಹೈದರನ ಮಗಳನ್ನು ಮನೆಗೆ ಸೊಸೆಯಾಗಿ ತಂದುಕೊಂಡಿದ್ದ ನವಾಬನಿಗೂ ಆ ನೆಂಟಸ್ತಿಕೆ ರಕ್ಷೆಯಾಗಲಿಲ್ಲ.

ಐದು ವರ್ಷದ ಬಳಿಕ ಅದೇ ಹರಿಪಂತ, ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಇಂಗ್ಲಿಷರ ಪಾಲಿಗೆ ಆಪದ್ಬಾಂಧವನಾದ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದೆದುರು ಮಳೆಗೂ ಹಸಿವಿಗೂ ಸಿಕ್ಕಿ ಅವರ ದಂಡನಾಯಕ ಕಾರ್ನ್‌ವಾಲಿಸ್ ತನ್ನ ಭಾರಿ ತೋಪುಗಳನ್ನು ತಾನೇ ಒಡೆದುಹಾಕಿ ಹಿಂದಿರುಗುತ್ತಿದ್ದ. ಆಗ ಮರಾಠರ ದಂಡು ಕಾಳುಕಡ್ಡಿಯ ಬಜಾರಿನೊಂದಿಗೆ ಎದುರಾಯಿತು. ಮರುವರ್ಷ ಕಾರ್ನ್‌ವಾಲಿಸ್ ದವಸ ಕೂಡಿಟ್ಟುಕೊಂಡೇ ಮರಳಿ ಬಂದ. ಬಂಗಾಳದ ಕಂದಾಯ, ಕಡಲಿನ ದಾರಿ ಎರಡೂ ಕೈಲಿದ್ದವರಿಗೆ ಒಮ್ಮೆ ಸೋತರೂ ಇನ್ನೊಮ್ಮೆ ಬರುವ ಶಕ್ತಿ ಇತ್ತು. ಮೈಸೂರಿಗಾಗಲಿ ಪುಣೆಗಾಗಲಿ ಅಂಥ ಅನುಕೂಲ ಇರಲಿಲ್ಲ.

ಈ ದಂಡುಗಳು ಬಂದುಹೋದಾಗಲೆಲ್ಲ ಮೇವು, ಜೋಳ, ಎತ್ತು ಕಳೆದುಕೊಂಡವರು ಇಲ್ಲಿನ ಹಳ್ಳಿಗರು. ಅವರ ಲೆಕ್ಕವನ್ನು ಯಾವ ಸಂಧಿಪತ್ರವೂ ಬರೆದಿಡಲಿಲ್ಲ. ತುರು ಕಾಯಲು, ಊರು ಉಳಿಸಲು ಸತ್ತವರ ಸುದ್ದಿ ಹೇಳುವುದು ಈ ಯುದ್ಧಗಳಿಗಿಂತಲೂ ಹಳೆಯ ವೀರಗಲ್ಲುಗಳು. ಹಾನಗಲ್ಲಿನ ತಾರಕೇಶ್ವರ ಗುಡಿಯ ಆವರಣದಲ್ಲಿ ಒಂದು ದೊಡ್ಡ ವೀರಗಲ್ಲಿದೆ. ಮಕ್ಕಳನ್ನು ಗುಡಿಗೆ ಕರೆದುಕೊಂಡು ಹೋದಾಗ ಶಿಲ್ಪದ ಛತ್ತು ತೋರಿಸಿ ಹಿಂದಿರುಗಬೇಡಿ. ಆ ಕಲ್ಲಿನ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿಸಿ.