ನೆಲ ಹಿಡಿದ ಮಲ್ಲಿಗೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಶಾಲೆಯ ಹಿಂಬದಿಯ ಇಳಿಜಾರಿನ ಮಲ್ಲಿಗೆಯ ಹೊರತು ಬೇರೆ ವಿಷಯ ನನಗೆ ಹೊಳೆಯಲಿಲ್ಲ. ಶ್ರೀಸ್ಥಳದ ಮಲ್ಲಿಕಾರ್ಜುನನ ಸೀಮೆಯಲ್ಲಿ ಮಲ್ಲಿಗೆಯ ಮಾತು ಅಪ್ರಸ್ತುತವೂ ಅಲ್ಲ. ಚಪ್ಪರದ ಬಳ್ಳಿಯೆಂದೋ ಅಂಗಳದ ಪೊದೆಯೆಂದೋ ಮಾತ್ರ ನಾವು ಬಲ್ಲ ಈ ಗಿಡ ನೆಲಕ್ಕೆ ಹೊದಿಕೆಯೂ ಆಗಬಲ್ಲದೆಂಬುದನ್ನು ನಾನು ಕಲಿತದ್ದು ಅನಿವಾರ್ಯದಿಂದ.

2009ರ ಅಕ್ಟೋಬರ್ 2ರ ಮಳೆಯನ್ನು ಕಾಣಕೋಣದವರು ಮರೆತಿಲ್ಲ. ಅಂದು ಗುಡ್ಡಗಳು ಜರಿದವು, ನೀರು ಮನೆಗಳಿಗೆ ನುಗ್ಗಿತು. ನಮ್ಮ ಇಳಿಜಾರಿನ ಕೆಂಪು ಮಣ್ಣೂ ಅಂಗಳಕ್ಕೆ ಇಳಿಯಿತು. ಚಿರೇಕಲ್ಲಿನ ಮೇಲೆ ಗೇಣು ದಪ್ಪವೂ ಇಲ್ಲದ ಮಣ್ಣು. ಹೋದರೆ ತಲೆಮಾರುಗಳು ಕಾದರೂ ಮರಳಿ ಬಾರದು.

ಮಲ್ಲಿಗೆಯ ಕೊಂಬೆ ನೆಲ ತಾಗಿದಲ್ಲಿ ಗೆಣ್ಣಿನಿಂದ ಬೇರು ಬಿಡುತ್ತದೆ. ಜೂನ್ ತಿಂಗಳ ಮಳೆ ಹಿಡಿದ ಮೇಲೆ ಬಲಿತ ಕೊಂಬೆಯನ್ನು ಬಗ್ಗಿಸಿ, ಗೆಣ್ಣಿನ ಮೇಲೆ ಹಿಡಿ ಮಣ್ಣು ಹಾಕಿ, ಕಲ್ಲೊಂದನ್ನು ಹೇರಿದರೆ ಮಳೆಗಾಲ ಮುಗಿಯುವುದರೊಳಗೆ ಅದು ಬೇರೂರಿರುತ್ತದೆ. ತಾಯಿಗಿಡದಿಂದ ಕತ್ತರಿಸದೆ ಮುಂದಿನ ಕೊಂಬೆಯನ್ನೂ ಹೀಗೆಯೇ ಬಗ್ಗಿಸುತ್ತ ಹೋಗಬೇಕು. ಸಾಲುಗಳು ಇಳಿಜಾರಿಗೆ ಅಡ್ಡಲಾಗಿರುವುದು ಮುಖ್ಯ. ಹರಿಯುವ ನೀರು ಅಲ್ಲಿ ತಡೆದು, ಮಣ್ಣನ್ನು ಬಿಟ್ಟು ಮುಂದೆ ಸಾಗುತ್ತದೆ.

ಎಲ್ಲ ಜಾತಿಗಳೂ ಒಂದೇ ರೀತಿ ಒಗ್ಗುವುದಿಲ್ಲ. ದುಂಡುಮಲ್ಲಿಗೆಗೆ ನೀರು ನಿಂತರೆ ಬೇರು ಕೊಳೆಯುತ್ತದೆ. ಬುಡದಲ್ಲಿ ನೆಟ್ಟ ಮೊದಲ ವರ್ಷದ ಗಿಡಗಳೆಲ್ಲ ಸತ್ತವು, ತಪ್ಪು ನನ್ನದೇ. ಅದಕ್ಕೆ ನಡುವಿನ ಇಳಿಜಾರೇ ಹಿತ. ಜಾಜಿಯ ನೀಳ ಟಿಸಿಲುಗಳು ಬೇಗ ಹರಡುತ್ತವೆ, ಆದರೆ ತುದಿ ಚಿವುಟದಿದ್ದರೆ ನೆರಳು ತೆಳುವಾಗುತ್ತದೆ. ಮೇಲ್ತುದಿಗೆ ಕಾಡುಮಲ್ಲಿಗೆಯೇ ಸರಿ. ಇಲ್ಲಿಯ ಕೊಂಕಣಿಗರ ಈ ‘ಕುಸರ್’ ಸಹ್ಯಾದ್ರಿಯದೇ ಸಂತಾನ, ಬೇಸಿಗೆಯಲ್ಲಿ ನೀರು ಕೇಳದು. ಮರ ಸಿಕ್ಕರೆ ಏರುವ ಚಟವೊಂದೇ ದೋಷ. ಪರದೇಶಗಳಲ್ಲಿ ನೆಲಹೊದಿಕೆಯಾಗಿ ಹೆಸರಾದ ‘ಸ್ಟಾರ್ ಜಾಸ್ಮಿನ್’ ಮಾತ್ರ ಮಲ್ಲಿಗೆಯೇ ಅಲ್ಲ, ಕಣಗಿಲೆಯ ಬಳಗದ್ದು.

ನಿಜವಾದ ತೊಡಕು ಎದುರಾದದ್ದು ಹೂವಿನ ವಿಷಯದಲ್ಲಿ. ಸಸಿಗಳನ್ನು ತಮ್ಮ ತಮ್ಮ ಊರುಗಳಿಂದ ತಂದುಕೊಟ್ಟವರು ಮಕ್ಕಳ ತಾಯಂದಿರು. ಎರಡು ವರ್ಷ ಹೂವು ವಿರಳವಾದಾಗ ಅವರಲ್ಲೊಬ್ಬರು, “ಹೂವ ಬಿಡಲಾರದ ಮಲ್ಲಿಗಿ ತಗೊಂಡು ಏನ್ ಮಾಡೂದ್ರೀ ಸರ?” ಎಂದು ಕೇಳಿಯೇಬಿಟ್ಟರು. ಮಲ್ಲಿಗೆ ಹೂಬಿಡುವುದು ಹೊಸ ಚಿಗುರಿನಲ್ಲಿ. ಉಡುಪಿಯ ಶಂಕರಪುರದ ಬೆಳೆಗಾರರು ಗಿಡವನ್ನು ಸವರುವುದು ಅದಕ್ಕಾಗಿಯೇ. ಆದರೆ ಇಲ್ಲಿ ಎಲ್ಲವನ್ನೂ ಸವರಿದರೆ ನೆಲ ಬತ್ತಲೆಯಾದೀತು. ಕೊನೆಗೆ ಸಾಲು ಬಿಟ್ಟು ಸಾಲು, ಅದೂ ಮಳೆ ಪೂರ್ತಿ ನಿಂತ ಮೇಲೆ ಡಿಸೆಂಬರಿನಲ್ಲಿ, ಸವರಲು ಆರಂಭಿಸಿದೆವು. ಮಾರ್ಚಿನಿಂದ ಮಕ್ಕಳ ಜಡೆಗೆ ಸಾಕಾಗುವಷ್ಟು ಹೂವು ಸಿಗುತ್ತಿದೆ.

ಗುಡ್ಡವೇ ಜರಿಯುವುದಾದರೆ ಮಲ್ಲಿಗೆ ತಡೆಯಲಾರದು. ಮೇಲ್ಮಣ್ಣು ಕೊಚ್ಚಿಹೋಗುವುದನ್ನಷ್ಟೇ ತಡೆದೀತು. ಬಾವಿಯ ಕಡೆಯ ಮೂಲೆಯಲ್ಲಿ ಇನ್ನೂ ಬರೀ ಕಲ್ಲು ಕಾಣುತ್ತಿದೆ. ಅಲ್ಲಿ ಬರುವ ಜೂನಿನಲ್ಲಿ ಲಾವಂಚ ನೆಡುವ ಯೋಚನೆಯಿದೆ.