ಬಯಾಪ್ಸಿ ವರದಿಯ ಆ ಒಂದು ಸಾಲು

‘ತುಣುಕು ತೆಗದರ ಇದ್ದ ಕಿಡ್ನೀನೂ ಹೋಗ್ತದಂತಲ್ರಿ?’ ಕಾಲು ಬಾತು, ಮೂತ್ರ ನೊರೆಗಟ್ಟಿ, ಶಹಾಪುರ ತಾಲ್ಲೂಕಿನ ದೋರನಹಳ್ಳಿ ಕಡೆಯಿಂದ ಕಲಬುರಗಿಗೋ ಹೈದರಾಬಾದಿಗೋ ಹೋದವರು ಬಯಾಪ್ಸಿ ಎಂದೊಡನೆ ಕೇಳುವ ಮಾತು ಇಂಥದ್ದು. ಭಯಕ್ಕೆ ಕಾರಣವಿಲ್ಲವೆಂದಲ್ಲ, ಅದರ ಅಳತೆ ತಪ್ಪಿದೆ. ಒಂದೊಂದು ಕಿಡ್ನಿಯಲ್ಲೂ ರಕ್ತ ಸೋಸುವ ಗ್ಲೊಮೆರುಲಸ್‌ಗಳು ಹೆಚ್ಚುಕಡಿಮೆ ಹತ್ತು ಲಕ್ಷ. ಸೂಜಿಗೆ ಸಿಕ್ಕುವ, ನೂಲೆಳೆಯಂಥ ತುಣುಕಿನಲ್ಲಿ ಬರುವುದು ಹತ್ತೋ ಇಪ್ಪತ್ತೋ. ನಿಜವಾದ ಅಪಾಯ ರಕ್ತಸ್ರಾವದ್ದು. ಅದಕ್ಕೇ ಮೊದಲು ಬಿ.ಪಿ. ಹತೋಟಿಗೆ ತರುತ್ತಾರೆ, ಆಸ್ಪಿರಿನ್ ಮಾತ್ರೆ ನಿಲ್ಲಿಸಿರುತ್ತಾರೆ, ಮುಗಿದ ಮೇಲೆ ಗಂಟೆಗಟ್ಟಲೆ ಅಂಗಾತ ಮಲಗಿಸುತ್ತಾರೆ. ರಕ್ತ ಕೊಡಬೇಕಾಗಿ ಬರುವುದು ನೂರರಲ್ಲಿ ಒಬ್ಬಿಬ್ಬರಿಗೆ.

ಆ ತುಣುಕನ್ನು ಎರಡು ಪಾಲು ಮಾಡುತ್ತಾರೆ. ಒಂದು ಫಾರ್ಮಲಿನ್‌ಗೆ, ಇನ್ನೊಂದು ಬೇರೆ ದ್ರಾವಣಕ್ಕೆ. ಎರಡೂ ಫಾರ್ಮಲಿನ್‌ಗೇ ಬಿದ್ದರೆ ಪ್ರತಿಕಾಯಗಳನ್ನು ಹೊಳೆಯಿಸಿ ನೋಡುವ ಫ್ಲೋರೆಸೆನ್ಸ್ ಪರೀಕ್ಷೆ ಕೆಡುತ್ತದೆ. ನಮ್ಮಲ್ಲಿ ಹೆಚ್ಚಾಗಿ ಹರೆಯದವರನ್ನೇ ಹಿಡಿಯುವ ಐಜಿಎ ನೆಫ್ರೋಪತಿ ಎಂಬ ಕಿಡ್ನಿ ರೋಗ ಗೊತ್ತಾಗುವುದು ಮುಖ್ಯವಾಗಿ ಅದರಿಂದಲೇ.

ರೋಗದ ಹೆಸರು ತಿಳಿಯುವುದು ಅರ್ಧ ಕೆಲಸ. ಮುಂದೇನಾಗುತ್ತದೆ ಎಂಬುದು ವರದಿಯ ಬೇರೊಂದು ಸಾಲಿನಲ್ಲಿದೆ. ಡೆನ್ಮಾರ್ಕಿನ ಐವರ್ಸನ್ ಮತ್ತು ಬ್ರೂನ್ 1951ರಲ್ಲಿ ಸೂಜಿ ಬಯಾಪ್ಸಿಯ ಅನುಭವ ಪ್ರಕಟಿಸಿದಾಗ ಎಲ್ಲರ ಕಣ್ಣು ಗ್ಲೊಮೆರುಲಸ್ ಮೇಲೆಯೇ ಇತ್ತು. 1968ರಲ್ಲಿ ಲಂಡನ್ನಿನ ರಿಸ್ಡನ್ ಮತ್ತು ಸಂಗಡಿಗರು ಬೇರೆಯದನ್ನೇ ತೋರಿಸಿದರು: ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂಬುದು ಗ್ಲೊಮೆರುಲಸ್‌ಗಿಂತ ಸುತ್ತಲಿನ ನಾಳಗಳ ಸ್ಥಿತಿಗೇ ಹೆಚ್ಚು ಹೊಂದುತ್ತದೆ. ನಾಳ ಸೊರಗಿ, ನಡುವಿನ ಜಾಗ ನಾರುಗಟ್ಟಿತೆಂದರೆ ಅದು ಮತ್ತೆ ಮೊದಲಿನಂತಾಗುವುದಿಲ್ಲ.

2009ರ ಆಕ್ಸ್‌ಫರ್ಡ್ ವರ್ಗೀಕರಣ ಈ ಮಾತಿಗೆ ಅಂಕ ಕೊಟ್ಟಿತು. ಐಜಿಎ ವರದಿಯ ಕೊನೆಯಲ್ಲಿ ‘ಎಂ1 ಇ0 ಎಸ್1 ಟಿ1 ಸಿ0’ ಎಂದೇನೋ ಇರುತ್ತದಲ್ಲ, ಅದೇ; ‘ಸಿ’ ಮಾತ್ರ ಆಮೇಲೆ ಸೇರಿದ್ದು. ಅದರಲ್ಲಿ ನನ್ನ ಕಣ್ಣು ಮೊದಲು ಹೋಗುವುದು ‘ಟಿ’ ಕಡೆಗೆ. ನಾರುಗಟ್ಟಿದ ಭಾಗ ಶೇ 25ರೊಳಗಿದ್ದರೆ ಸೊನ್ನೆ, 50ರವರೆಗೆ ಒಂದು, ದಾಟಿದರೆ ಎರಡು. ‘ಇ’, ‘ಸಿ’ಗಳಲ್ಲಿ ಅಂಕವಿದ್ದರೆ ಉರಿಯೂತ ಇನ್ನೂ ಹಸಿಯಾಗಿದೆ, ಔಷಧಿಗೆ ಅವಕಾಶವಿದೆ. ಟಿ2ರಲ್ಲಿ ಅಂಥ ಅವಕಾಶ ತೀರಾ ಕಡಿಮೆ.

ಎಂ, ಇ, ಎಸ್, ಟಿ ಅಂಕಗಳ ಜತೆ ಬಿ.ಪಿ., ಮೂತ್ರದ ಪ್ರೋಟೀನ್, ಕಿಡ್ನಿಯ ಸೋಸುವ ಪ್ರಮಾಣ, ವಯಸ್ಸು ಕೂಡಿಸಿ ಐದು ವರ್ಷದ ಅಪಾಯ ಹೇಳುವ ಲೆಕ್ಕಯಂತ್ರವೊಂದು 2019ರಲ್ಲಿ ಬಂತು. ಅದಕ್ಕೆ ಆಧಾರವಾದವರು ಸುಮಾರು 4,000 ರೋಗಿಗಳು, ಬಹುಪಾಲು ಯುರೋಪ್, ಉತ್ತರ ಅಮೆರಿಕ, ಚೀನಾ, ಜಪಾನ್ ಕಡೆಯವರು. ಜನಾಂಗ ಕೇಳುವ ಕಾಲಮ್ಮಿನಲ್ಲಿ ನಮ್ಮವರ ಪಾಲಿಗೆ ಇರುವುದು ‘ಇತರೆ’. ವೆಲ್ಲೂರಿನ ಸಿಎಂಸಿ ದಕ್ಷಿಣ ಭಾರತದ ರೋಗಿಗಳನ್ನೇ ಬೆನ್ನುಹತ್ತಿ ಅಧ್ಯಯನ ನಡೆಸಿದೆ. ಲೆಕ್ಕಯಂತ್ರ ನಮ್ಮವರಿಗೆ ಎಷ್ಟು ಹೊಂದುತ್ತದೆ ಎಂಬುದು ಖಚಿತವಾಗುವವರೆಗೆ ಅದು ಕೊಡುವ ಶೇಕಡಾವಾರನ್ನು ಪಂಚಾಂಗದ ಫಲದಂತೆ ನಂಬಬೇಕಿಲ್ಲ.

ನಮ್ಮ ಯಾದಗಿರಿ ಜಿಲ್ಲೆಯಲ್ಲಿ ‘ನೀರಿನ ದೋಷ’ ಎಂಬ ಮಾತು ಬೇಗ ಬರುತ್ತದೆ. ಕಾರಣವೂ ಇದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಸಿಕ್ಕಿದ್ದು ದಾಖಲಾದ ಸಂಗತಿ. ಆದರೆ ಅಲ್ಲಿ ಎದ್ದು ಕಂಡದ್ದು ಚರ್ಮದ ತೊಂದರೆ. ಕಿಡ್ನಿಯ ಲೆಕ್ಕವನ್ನೂ ಸೀದಾ ಅದರ ತಲೆಗೆ ಕಟ್ಟಲಾಗದು. ಆಂಧ್ರದ ಉದ್ದಾನಂನಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ. ಇಲ್ಲದ ರೈತರಿಗೂ ಕಿಡ್ನಿ ಸೋತಾಗ ಬಯಾಪ್ಸಿ ಬೊಟ್ಟು ಮಾಡಿದ್ದು ನಾಳಗಳ ನಡುವಿನ ಜಾಗದತ್ತ. ಕಾರಣ ಇಂಥದ್ದೇ ಎಂದು ಸ್ಲೈಡ್ ಹೇಳಲಿಲ್ಲ. ಇಂಥ ರೋಗದಲ್ಲಿ ಪ್ರೋಟೀನ್ ಹೆಚ್ಚು ಸೋರುವುದಿಲ್ಲ. ಹಾಗಾಗಿ ಬರೀ ಮೂತ್ರ ನೋಡಿ ‘ಏನಿಲ್ಲ ಹೋಗ್ರಿ’ ಎಂದರೆ ಸಾಲದು, ರಕ್ತದ ಕ್ರಿಯಾಟಿನಿನ್ ಕೂಡ ನೋಡಬೇಕು.

ಎಲ್ಲದಕ್ಕೂ ಹೊತ್ತು ಮುಖ್ಯ. ಮೈಕೈ ನೋವಿಗೆ ಸೂಜಿ, ಗುಳಿಗೆ ಎಂದು ವರ್ಷ ಕಳೆದು ಬಂದಾಗ ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿ ಕುಗ್ಗಿರುತ್ತವೆ. ಆಗ ವೈದ್ಯರೇ ಬಯಾಪ್ಸಿ ಬೇಡವೆನ್ನುತ್ತಾರೆ. ರಕ್ತಸ್ರಾವದ ಭಯ ಹೆಚ್ಚು, ತಿಳಿಯುವುದು ಕಡಿಮೆ.

ಮಾಡಿಸಿಕೊಂಡವರು ವರದಿಯ ಜತೆಗೆ ಗಾಜಿನ ಸ್ಲೈಡುಗಳನ್ನೂ ಕೇಳಿ ಪಡೆಯುವುದು ಒಳ್ಳೆಯದು. ಕಲಬುರಗಿಯಿಂದ ಬೆಂಗಳೂರಿನ ನೆಫ್ರೋ-ಯುರಾಲಜಿ ಸಂಸ್ಥೆಗೆ ಹೋಗಬೇಕಾಗಿ ಬಂದರೆ, ಮತ್ತೆ ಸೂಜಿ ಹಾಕಿಸಿಕೊಳ್ಳದೆ ಅದೇ ಸ್ಲೈಡನ್ನು ಅಲ್ಲಿಯೂ ಓದಿಸಬಹುದು.