ಕಂಠ, ಕಾಸು ಮತ್ತು ಪಾತ್ರ

ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ಆಗಾಗ ನಾಲ್ಕೈದು ಸಾಲಿನ ಪ್ರಕಟಣೆಯೊಂದು ಕಾಣಿಸುತ್ತದೆ. ಇಂಥ ತಂಡ ಹೊಸ ಸಂಗೀತ ನಾಟಕವೊಂದನ್ನು ಕೈಗೆತ್ತಿಕೊಂಡಿದೆ, ಆಸಕ್ತರು ಇಂಥ ದಿನ ಆಯ್ಕೆಗೆ ಬರಬಹುದು, ಅನುಭವ ಕಡ್ಡಾಯವಲ್ಲ. ಕೊನೆಯ ಆ ಎರಡು ಪದಗಳನ್ನು ಹೇಳಲು ಕನ್ನಡ ರಂಗಭೂಮಿಗೆ ಹೆಚ್ಚುಕಡಿಮೆ ನೂರು ವರ್ಷ ಹಿಡಿಯಿತು. ಹಾಡಿನ ನಾಟಕಕ್ಕೆ ಯಾರು ಬೇಕಾದರೂ ಬನ್ನಿ ಎಂದು ಕರೆಯುವ ಈ ಪದ್ಧತಿ ಟಿವಿಯ ಗಾಯನ ಸ್ಪರ್ಧೆಗಳಿಂದ ಬಂತೆಂದು ಕೆಲವರು ತಿಳಿದಿದ್ದಾರೆ, ಇಂಗ್ಲಿಷ್ ನಾಟಕ ತಂಡಗಳನ್ನು ನೋಡಿ ಕಲಿತದ್ದೆಂದು ಇನ್ನು ಕೆಲವರು. ಎರಡೂ ಪೂರ್ತಿ ಸರಿಯಲ್ಲ. ನಮ್ಮಲ್ಲಿ ಈ ಬಾಗಿಲು ತೆರೆದದ್ದು ನಾಟಕದ ಹಾಡು ಬದಲಾದಾಗ. ಹಾಡು ಒಬ್ಬನ ಕಂಠದಿಂದ ಇಳಿದು ಹತ್ತು ಜನರ ಬಾಯಿಗೆ ಬಂದ ಮೇಲೆ ಆ ಹತ್ತು ಜನ ಎಲ್ಲಿಂದ ಬೇಕಾದರೂ ಬರಬಹುದಾಯಿತು.

ಮೊದಲು ಕಂಪನಿ ನಾಟಕಗಳ ಕಾಲವನ್ನು ನೋಡಬೇಕು. 1870ರ ದಶಕದಲ್ಲಿ ಗದುಗಿನಲ್ಲಿ ಶಾಂತಕವಿಗಳು ಮಂಡಳಿ ಕಟ್ಟಿದರು. ಮೈಸೂರಿನಲ್ಲಿ ಚಾಮರಾಜ ಒಡೆಯರ ಆಶ್ರಯದಲ್ಲಿ ಅರಮನೆಯ ಕಂಪನಿ ಹುಟ್ಟಿತು. 1884ರಲ್ಲಿ ಗುಬ್ಬಿ ಕಂಪನಿ ಆರಂಭವಾಯಿತು. ಇವುಗಳಲ್ಲಿ ನಟ ಎಂದರೆ ಮೊದಲು ಹಾಡುಗಾರ. ಧ್ವನಿವರ್ಧಕವಿಲ್ಲದ ಕಾಲ. ತಗಡಿನ ಕೊಟ್ಟಿಗೆಯ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನ ಕಿವಿಗೂ ಕಂದಪದ್ಯ ಬಿಡಿಬಿಡಿಯಾಗಿ ತಲುಪಬೇಕು, ಅವನು ಒನ್ಸ್ ಮೋರ್ ಎಂದರೆ ಅದೇ ಹಾಡನ್ನು ಅದೇ ಏರುಶ್ರುತಿಯಲ್ಲಿ ಮತ್ತೆ ಹಾಡಬೇಕು. ಆ ಕಾಲದ ನಟ ವರದಾಚಾರ್ಯರ ಹೆಸರು ಇಂದಿಗೂ ಉಳಿದಿರುವುದು ಅವರ ಅಭಿನಯದಿಂದ ಎಷ್ಟೋ, ಗಾಯನದಿಂದಲೂ ಅಷ್ಟೇ. ಇಂಥ ಕಂಠವನ್ನು ಕಂಪನಿ ಸಣ್ಣ ವಯಸ್ಸಿನಲ್ಲೇ ಹುಡುಕಿ, ಅನ್ನ ಹಾಕಿ, ವರ್ಷಗಟ್ಟಲೆ ತಿದ್ದಬೇಕಿತ್ತು. ಹಾಗಾಗಿ ಒಳಗೆ ಬರುವ ದಾರಿ ಬಹುಮಟ್ಟಿಗೆ ನೆಂಟಸ್ತಿಕೆಯದೇ ಆಗಿತ್ತು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟರಾಗಿದ್ದರಿಂದ ಅವರ ಮಗ ಬಾಲ್ಯದಲ್ಲೇ ಬಣ್ಣ ಹಚ್ಚಿದ. ಮುಂದೆ ನಾಡು ಅವನನ್ನು ರಾಜ್‌ಕುಮಾರ್ ಎಂದು ಕರೆಯಿತು. ನಟಿ ಬಿ. ಜಯಶ್ರೀ ಅದೇ ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರ ಮೊಮ್ಮಗಳು. ಈ ಪ್ರತಿಭೆಗಳ ಬಗ್ಗೆ ಎರಡು ಮಾತಿಲ್ಲ. ಆದರೆ ಪ್ರತಿಭೆ ಬಾಗಿಲವರೆಗೆ ನಡೆದುಬರಲು ಮನೆ ಆ ಬಾಗಿಲ ಪಕ್ಕದಲ್ಲೇ ಇರಬೇಕಿತ್ತು.

ಇದಕ್ಕೆ ತಕ್ಷಣ ಎದ್ದುಬರುವ ಆಕ್ಷೇಪ ತಳ್ಳಿಹಾಕುವಂಥದಲ್ಲ. ಕಂಪನಿಗಳಷ್ಟು ತೆರೆದ ಜಾಗ ಆ ಕಾಲದಲ್ಲಿ ಬೇರೆಲ್ಲಿತ್ತು? ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಹುಡುಗನೊಬ್ಬ ಮನೆ ಬಿಟ್ಟು ಓಡಿಬಂದಾಗ ಗುಬ್ಬಿ ಕಂಪನಿ ಅವನನ್ನು ಸೇರಿಸಿಕೊಂಡಿತು, ಮುಂದೆ ಓದಲು ಕಾಶಿಗೂ ಕಳಿಸಿತು. ಅವನೇ ಬಿ.ವಿ. ಕಾರಂತ. ಧಾರವಾಡದ ಬಳಿಯ ಮನಸೂರಿನ ಬಾಲಕ ಮಲ್ಲಿಕಾರ್ಜುನನ ದನಿ ನಾಟಕದ ಮೂಲಕವೇ ಮಿರಜದ ನೀಲಕಂಠಬುವಾ ಅವರ ಕಿವಿಗೆ ಬಿತ್ತು. ಅಲ್ಲಿಂದ ಒಬ್ಬ ಮಹಾಗಾಯಕ ಬೆಳೆದ. ಇವೆಲ್ಲ ನಿಜ. ಆದರೂ ಇವನ್ನು ಬಿಡಿಸಿ ನೋಡಿದರೆ ನನ್ನ ಮಾತೇ ಗಟ್ಟಿಯಾಗುತ್ತದೆ. ಕಾರಂತರು ಊರು ಬಿಟ್ಟು ಓಡಬೇಕಾಯಿತು. ಮನಸೂರರ ಅಣ್ಣ ಬಸವರಾಜ ಅದಾಗಲೇ ನಾಟಕದವರಾಗಿದ್ದರು. ಕಂಪನಿ ಬಡವನನ್ನು ಹೊರಗಿಡಲಿಲ್ಲ, ಸರಿ. ಅದರ ಬದಲಿಗೆ ಅವನ ಇಡೀ ಬದುಕನ್ನು ಕೇಳಿತು. ದಿನಗೂಲಿಯವನು, ಶಾಲೆಯ ಮೇಷ್ಟ್ರು, ಮಕ್ಕಳಿರುವ ಗೃಹಿಣಿ, ಇವರು ಸಂಜೆ ಎರಡು ಗಂಟೆ ಬಿಡುವು ಮಾಡಿಕೊಂಡು ಬಂದರೆ ಕಂಪನಿಯಲ್ಲಿ ಅವರಿಗೆ ಕೆಲಸವಿರಲಿಲ್ಲ. ಹೆಂಗಸರ ಮಟ್ಟಿಗಂತೂ ಬಹುಕಾಲ ಅವರ ಪಾತ್ರಗಳನ್ನೇ ಹುಡುಗರು ಕಟ್ಟುತ್ತಿದ್ದರು. 1958ರಲ್ಲಿ ಆರ್. ನಾಗರತ್ನಮ್ಮ ಮೈಸೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ ತಾವೇ ಕಂಸನಾಗಿ ನಿಂತದ್ದು ಈ ಹಿನ್ನೆಲೆಯಲ್ಲಿ ಎಷ್ಟು ದೊಡ್ಡ ಉತ್ತರ ಎಂಬುದನ್ನು ನಾವು ಇನ್ನೂ ಸರಿಯಾಗಿ ಅಳೆದಿಲ್ಲ.

ಕಂಪನಿಯ ಹಾಡನ್ನು ಕಂಪನಿಯ ಹೊರಗೆ ಬದುಕಿಸಿಕೊಂಡವರು ಹಳ್ಳಿಯವರು. ಗುಬ್ಬಿ ಕಂಪನಿ 1934ರಲ್ಲಿ ಆನೆ ಕುದುರೆಗಳನ್ನು ತಂದು ‘ಕುರುಕ್ಷೇತ್ರ’ ಆಡಿತು. ಆ ಹೆಸರು ಮಂಡ್ಯ, ತುಮಕೂರು, ಹಾಸನ, ಬೆಂಗಳೂರು ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ ಹಬ್ಬದ ಹೆಸರಿನಷ್ಟೇ ಬಳಕೆಯಲ್ಲಿದೆ. ಊರವರೇ ಸೇರಿ ಆಡುವ ಸಂಗೀತ ನಾಟಕ ಕನ್ನಡದಲ್ಲಿ ಎಲ್ಲಿದೆ ಎಂದು ಕೇಳುವವರು ಮೊದಲು ಇದನ್ನು ನೋಡಬೇಕು. ರಾತ್ರಿ ಊಟವಾದ ಮೇಲೆ ದೇವಸ್ಥಾನದ ಜಗಲಿಯಲ್ಲಿ ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆ ಬಿಚ್ಚುತ್ತಾರೆ. ಎಡಗೈ ತಿದಿ ಒತ್ತುತ್ತದೆ, ಬಲಗೈ ಒಂದು ಷಡ್ಜ ಹಿಡಿಯುತ್ತದೆ. ಎದುರಿಗೆ ಕೂತವನು ಗಂಟಲು ಸರಿಮಾಡಿಕೊಂಡು ಅದರ ಮೇಲೆ ದನಿ ಕೂರಿಸಬೇಕು. ಕೂತರೆ ಮೇಷ್ಟ್ರು ಒಂದು ಮನೆ ಮೇಲೆ ಹೋಗುತ್ತಾರೆ, ಕೂರದಿದ್ದರೆ ಕೆಳಗೆ ಬರುತ್ತಾರೆ. ಎಳೆದು ಹಾಡುವ ತೆಳುದನಿ ಕೃಷ್ಣನಿಗೆ, ಗುಡುಗುವ ದನಿ ಭೀಮನಿಗೆ, ಅಳೆದು ತೂಗಿ ಮಾತಾಡುವವನು ಶಕುನಿಗೆ. ಇಷ್ಟು ಕಿವಿಯಿಂದ ಆಗುವ ಆಯ್ಕೆ. ಇದಕ್ಕಿಂತ ಒಳ್ಳೆಯ ಆಡಿಷನ್ ಯಾವ ದೊಡ್ಡ ರಂಗಮಂದಿರದಲ್ಲೂ ನಡೆಯಲಾರದು. ಆದರೆ ಎಷ್ಟೋ ಊರುಗಳಲ್ಲಿ ಇದಕ್ಕೂ ಮೊದಲೇ ಇನ್ನೊಂದು ಲೆಕ್ಕ ಮುಗಿದಿರುತ್ತದೆ. ಪಾತ್ರಗಳಿಗೆ ಹಣ ಕಟ್ಟಬೇಕು. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ಸೈನಿಕನಿಗೆ ಕಡಿಮೆ. ಸೀನರಿ, ಪೋಷಾಕು, ದೀಪ, ಮೇಷ್ಟ್ರ ಸಂಭಾವನೆ, ಹೊರಗಿನಿಂದ ಕರೆಸುವ ನಟಿಯರ ಸಂಭಾವನೆ ಎಲ್ಲವೂ ಈ ಹಣದಿಂದ ನಡೆಯುತ್ತದೆ. ಗೋಡೆಗೆ ಅಂಟಿಸುವ ಭಿತ್ತಿಪತ್ರದಲ್ಲಿ ಪಾತ್ರಧಾರಿಗಳ ಪಾಸ್‌ಪೋರ್ಟ್ ಅಳತೆಯ ಫೋಟೊಗಳು ಸಾಲಾಗಿ ನಿಂತಿರುತ್ತವೆ. ಆ ಸಾಲಿನಲ್ಲಿ ಒಳ್ಳೆಯ ಕಂಠವಿದ್ದೂ ಜೇಬು ತೆಳುವಾದವನ ಮುಖ ಎಲ್ಲೋ ಕೊನೆಯಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ.

ಆಡಿಷನ್ ಎಂಬ ಪದ ಮಾತ್ರ ಕನ್ನಡಿಗರ ಬಾಯಿಗೆ ಬಂದದ್ದು ಬಹುಪಾಲು ಆಕಾಶವಾಣಿಯಿಂದ. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದಾಗ ಕಲಾವಿದರನ್ನು ಪರೀಕ್ಷಿಸಿ ಬಿ, ಬಿ ಹೈ, ಎ ಎಂದು ದರ್ಜೆ ಕೊಡುವ ಪದ್ಧತಿ ಬಂತು. ಹೆಸರಾಂತ ಗಾಯಕರು ಸಿಟ್ಟಾದರು, ಪ್ರತಿಭಟಿಸಿದರು, ಆದರೂ ಪದ್ಧತಿ ನಿಂತಿತು. ಅದರ ಹಿಂದೊಂದು ನ್ಯಾಯವಿದೆ. ಹಾಡುವವರು ಯಾರ ಮಗ, ಯಾವ ಜಾತಿ ಎಂಬುದನ್ನು ಬಿಟ್ಟು ದನಿಯೊಂದನ್ನೇ ಕೇಳಬೇಕೆಂಬ ನ್ಯಾಯ ಅದು. ಅದನ್ನು ನಾನು ಗೌರವಿಸುತ್ತೇನೆ. ಆದರೆ ಬಾನುಲಿಗೆ ಬೇಕಾದದ್ದು ಒಂಟಿಯಾಗಿ ನಿಲ್ಲಬಲ್ಲ ಕಂಠ. ಇಂದಿನ ಟಿವಿ ಸ್ಪರ್ಧೆಗಳೂ ಹುಡುಕುವುದು ಅದನ್ನೇ. ನಾಟಕಕ್ಕೆ ಬೇಕಾದದ್ದು ಬೇರೆ. ಪಕ್ಕದವನ ದನಿ ಕೇಳಿಸಿಕೊಂಡು ಹಾಡಬಲ್ಲವರು, ಹಾಡುತ್ತ ನಡೆಯಬಲ್ಲವರು, ಹಾಡಿನ ನಡುವೆ ಮಾತಿಗೆ ಇಳಿಯಬಲ್ಲವರು ಬೇಕು. ಈ ಎರಡನ್ನು ಒಂದೇ ಎಂದುಕೊಂಡದ್ದರಿಂದಲೇ ಎಷ್ಟೋ ಜನ ತಮಗೆ ಸಂಗೀತ ಬರುವುದಿಲ್ಲ ಎಂದು ಆಯ್ಕೆಯ ಕೋಣೆಯ ಹೊಸ್ತಿಲನ್ನೇ ತುಳಿಯುವುದಿಲ್ಲ.

ಈ ಗೊಂದಲವನ್ನು ಬಿಡಿಸಿದವರು ಕಾರಂತರು. ಕಂಪನಿಯ ಪಾಠ, ಕಾಶಿಯಲ್ಲಿ ಕಲಿತ ಹಿಂದೂಸ್ತಾನಿ ಸಂಗೀತ, ರಾಷ್ಟ್ರೀಯ ನಾಟಕ ಶಾಲೆಯ ತರಬೇತಿ ಮೂರೂ ಅವರಲ್ಲಿ ಸೇರಿದ್ದವು. 1972ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಕಂಬಾರರ ‘ಜೋಕುಮಾರಸ್ವಾಮಿ’ ಆಡಿಸಿದಾಗ ಹಾಡು ನಾಯಕನ ಸೊತ್ತಾಗಿ ಉಳಿಯಲಿಲ್ಲ. ಬಯಲಾಟದ ಹಿಮ್ಮೇಳದಂತೆ ಗುಂಪು ಹಾಡಿತು, ಗುಂಪೇ ಕುಣಿಯಿತು. 1974ರಲ್ಲಿ ಬೆನಕ ತಂಡ ಹುಟ್ಟಿತು. ಶ್ರೀರಂಗರ ‘ಸತ್ತವರ ನೆರಳು’ ನಾಟಕಕ್ಕೆ ಕಾರಂತರು ಪುರಂದರದಾಸರ ಪದಗಳನ್ನು ತಂದರು. ಮಠದ ಕಥೆಯನ್ನು ಭಜನೆಯ ಗುಂಪೇ ನಡೆಸಿತು. ಭಜನೆ ಎಂದರೆ ಯಾವ ಊರಿನ ಯಾರು ಬೇಕಾದರೂ ದನಿಗೂಡಿಸಬಹುದಾದ ಹಾಡು, ಆಯ್ಕೆಯ ಪ್ರಶ್ನೆಗೆ ಅದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಕಾರಂತರು ಮೊದಲು ರಾಗ ಕೂರಿಸಿ ಆಮೇಲೆ ಅದಕ್ಕೆ ತಕ್ಕ ಗಂಟಲು ಹುಡುಕುವ ಕ್ರಮವನ್ನು ತಿರುಗಿಸಿದರು. ಎದುರಿಗೆ ಇರುವ ಗಂಟಲುಗಳನ್ನು ನೋಡಿ ರಾಗ ಕಟ್ಟಿದರು. ಕಲ್ಲು, ಬಿದಿರು, ತೆಂಗಿನ ಚಿಪ್ಪು ಅವರ ವಾದ್ಯಗಳಾದವು. ಒರಟು ದನಿಗೆ ಒರಟು ಸಾಲು ಸಿಕ್ಕಿತು, ಸುಮ್ಮನೆ ಗುನುಗುವವರಿಗೆ ಗುನುಗು. ಬ್ಯಾಂಕಿನಲ್ಲಿ, ಕಾರ್ಖಾನೆಯಲ್ಲಿ, ಕಾಲೇಜಿನಲ್ಲಿ ಹಗಲು ಕಳೆದವರು ಸಂಜೆ ಬಂದು ಸಂಗೀತ ನಾಟಕದಲ್ಲಿ ನಿಲ್ಲಲು ಸಾಧ್ಯವಾದದ್ದು ಇದರಿಂದ.

ಹಾಡು ಹೀಗೆ ಹಂಚಿಕೆಯಾದ ಮೇಲೆ ರಂಗಭೂಮಿ ತಾನೇ ಎದ್ದು ಜನರ ಬಳಿಗೆ ಹೋಯಿತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1949ರಲ್ಲಿ ಕಟ್ಟಿದ ನೀನಾಸಂ 1980ರಲ್ಲಿ ಶಾಲೆ ತೆರೆಯಿತು. 1980ರ ದಶಕದಲ್ಲಿ ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯಲ್ಲಿ ಸಿದ್ದಿ ಸಮುದಾಯದವರೊಂದಿಗೆ ಶಿಬಿರ ನಡೆದು, ಚಿನುವ ಅಚಿಬೆಯ ಕಾದಂಬರಿಯನ್ನು ಆಧರಿಸಿದ ನಾಟಕ ಸಿದ್ಧವಾಯಿತು. ಅಲ್ಲಿ ಯಾರಿಗೂ ಶ್ರುತಿಪೆಟ್ಟಿಗೆಯ ಪರೀಕ್ಷೆ ಬೇಕಾಗಲಿಲ್ಲ. ಅವರ ಹಾಡು, ಅವರ ಡಮಾಮಿ ಕುಣಿತ ಮೊದಲೇ ಇದ್ದವು. ಅದೇ ಸಮುದಾಯದಿಂದ ಮುಂದೆ ಗಿರಿಜಾ ಸಿದ್ದಿಯಂಥ ಹಾಡುವ ನಟಿ ಬಂದರು. ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ಜೈಲುಗಳ ಕೈದಿಗಳಿಂದ ನಾಟಕ ಆಡಿಸಿದರು. 2010ರಲ್ಲಿ ಮೈಸೂರಿನ ರಂಗಾಯಣ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ, ಹಂಸಲೇಖ ಅವರ ಸಂಗೀತದಲ್ಲಿ ಬಯಲಿಗೆ ತಂದಿತು. ನಾಲ್ಕು ರಂಗಗಳು, ಸುಮಾರು ಒಂಬತ್ತು ಗಂಟೆ, ಬೆಳಗಿನವರೆಗೆ ಹಾಡು. ಅಷ್ಟು ದೊಡ್ಡ ನಾಟಕವನ್ನು ಒಂದಿಬ್ಬರು ಗಾಯಕನಟರ ಹೆಗಲ ಮೇಲೆ ಹೊರಿಸಲಾಗುವುದಿಲ್ಲ. ಅದನ್ನು ಹೊತ್ತದ್ದು ಮೇಳ.

ಹಾಡು ಎಲ್ಲರದಾದರೆ ಹಾಡಿನ ಮಟ್ಟ ಕುಸಿಯುತ್ತದೆ ಎಂಬುದು ಹಳೆಯ ರಸಿಕರ ಕೊರಗು. ಇದರಲ್ಲಿ ಹುರುಳಿದೆ. ರಂಗಗೀತೆಯ ಆ ಏರುಕಂಠ, ಒಂದೇ ಪದ್ಯವನ್ನು ಕಾಲು ಗಂಟೆ ಬೆಳೆಸುವ ಶಕ್ತಿ ಇಂದು ಅಪರೂಪ, ಅದು ನಷ್ಟವೇ. ಹವ್ಯಾಸಿ ತಂಡಗಳ ಗುಂಪುಹಾಡು ಎಷ್ಟೋ ಸಲ ಬರೀ ಗದ್ದಲವಾಗುವುದೂ ನಿಜ. ಆದರೆ ಈ ತಪ್ಪು ಬಾಗಿಲು ತೆರೆದದ್ದರಿಂದ ಬಂದದ್ದಲ್ಲ. ಒಳಗೆ ಬಂದವರಿಗೆ ಕಲಿಸುವ ತಾಳ್ಮೆ ತಂಡಗಳಿಗೆ ಇಲ್ಲದ್ದರಿಂದ ಬಂದದ್ದು. ಕಂಪನಿ ಮಗುವನ್ನು ವರ್ಷಗಟ್ಟಲೆ ತಿದ್ದುತ್ತಿತ್ತು, ಹಳ್ಳಿಯ ಮೇಷ್ಟ್ರು ಇಂದಿಗೂ ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ನಗರದ ತಂಡ ಒಂದು ಭಾನುವಾರ ಆಯ್ಕೆ ಮಾಡಿ ಕೆಲವೇ ವಾರಗಳಲ್ಲಿ ಪ್ರದರ್ಶನಕ್ಕೆ ನಿಲ್ಲಿಸುತ್ತದೆ. ಆಯ್ಕೆ ತೆರೆದಿರಬೇಕಾದರೆ ತಾಲೀಮು ಉದ್ದವಾಗಲೇಬೇಕು. ಕಾರಂತರ ಹಾಡುಗಳು ಸರಳವಾಗಿ ಕೇಳಿಸುತ್ತವೆ, ಆದರೆ ಅವುಗಳ ತಾಳವನ್ನು ಮೈಯಲ್ಲಿ ಇಳಿಸಿಕೊಳ್ಳದವರು ಎರಡನೇ ಸಾಲಿಗೇ ಎಡವುತ್ತಾರೆ.

ಹಳ್ಳಿಯ ನಾಟಕಕ್ಕೂ ಈ ಮಾತು ಸಲ್ಲಬೇಕೆಂದರೆ ಹಣದ ಪ್ರಶ್ನೆ ಎದುರಾಗುತ್ತದೆ. ಪಾತ್ರಧಾರಿಗಳು ಕಟ್ಟುವ ಹಣವಿಲ್ಲದೆ ‘ಕುರುಕ್ಷೇತ್ರ’ ನಿಂತೇಹೋಗುತ್ತದೆ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಸರ್ಕಾರದ ಅನುದಾನ ಆ ಜಗಲಿಯವರೆಗೆ ಬರುವುದು ಕಡಿಮೆ. ಆದರೂ ಪಾತ್ರವನ್ನೂ ಹಣವನ್ನೂ ಬೇರೆ ಮಾಡುವುದು ಅಸಾಧ್ಯವೇನಲ್ಲ. ಊರಹಬ್ಬಕ್ಕೆ ಮನೆಮನೆಯಿಂದ ವಂತಿಗೆ ಎತ್ತುವವರು ನಾಟಕಕ್ಕೂ ಎತ್ತಬಲ್ಲರು. ಹಣವಿದ್ದವನು ದಾನಿಯಾಗಿ ಭಿತ್ತಿಪತ್ರದ ತಲೆಯಲ್ಲಿ ತನ್ನ ಫೋಟೊ ಹಾಕಿಸಿಕೊಳ್ಳಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ದ್ರೌಪದಿ, ರುಕ್ಮಿಣಿಯರಿಗೆ ಹೊರಗಿನ ನಟಿಯರನ್ನು ಕರೆಸುವ ಊರಿನಲ್ಲೇ ಶಾಲೆಯ ವಾರ್ಷಿಕೋತ್ಸವದಲ್ಲಿ, ಸೋಬಾನೆಯಲ್ಲಿ, ಭಜನೆಯಲ್ಲಿ ಹಾಡುವ ಹೆಣ್ಣುಮಕ್ಕಳಿದ್ದಾರೆ. ಕಲೆಯನ್ನೇ ನಂಬಿ ಬದುಕುವ ಆ ನಟಿಯರ ಅನ್ನಕ್ಕೆ ಕುತ್ತು ತರಬೇಕಿಲ್ಲ. ಊರ ಹುಡುಗಿಯರಿಗೆ ಕಲಿಸುವ ಕೆಲಸಕ್ಕೆ ಅವರನ್ನೇ ಕರೆದು ಸಂಭಾವನೆ ಕೊಡಬಹುದು. ಮುಂದಿನ ಜಾತ್ರೆಗೆ ನಾಟಕ ಇಟ್ಟುಕೊಳ್ಳುವ ಊರುಗಳಲ್ಲಿ ನನ್ನದೊಂದು ಕೋರಿಕೆ: ಹಣದ ಪಟ್ಟಿ ಬರೆಯುವ ಮೊದಲು ಒಂದು ಸಂಜೆ ಗಂಡಸರನ್ನೂ ಹೆಂಗಸರನ್ನೂ ದೇವಸ್ಥಾನದ ಜಗಲಿಗೆ ಕರೆಯಿರಿ, ಮೇಷ್ಟ್ರಿಗೆ ಪೆಟ್ಟಿಗೆ ಬಿಚ್ಚಲು ಹೇಳಿ, ಬಂದವರೆಲ್ಲರ ದನಿಯನ್ನೂ ಒಮ್ಮೆ ಕೇಳಿ.